ಬಂಗುಡೆಯ ಡಬ್ಬಿ

ಹೆಣ್ಣುಮಕ್ಕಳ ಶಾಲೆಯ ಹಳೆ ವಿದ್ಯಾರ್ಥಿನಿಯರ ಕೂಟಕ್ಕೆ ಶ್ರೀಲತಾ ಅತ್ತೆಯ ಜೊತೆಗೇ ಬಂದಿದ್ದಳು. ಅತ್ತೆಯೂ ಅಲ್ಲೇ ಓದಿದವರು. ಈಗ ಮನೆಯೊಳಗೆ ಈರುಳ್ಳಿಯನ್ನೂ ಬಿಟ್ಟುಕೊಳ್ಳದಷ್ಟು ಮಡಿ.

ಅತ್ತೆ ಕೈ ತೊಳೆಯಲು ಹೋದಾಗ ಗೆಳತಿ ಜಲಜಾಕ್ಷಿ ಪಕ್ಕಕ್ಕೆ ಬಂದು ಕುಳಿತು, ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದಳು. ಒಳಗೆ ಹುರಿದ ಬಂಗುಡೆ ಮೀನು.

"ಮುಚ್ಚು ಮಾರಾಯ್ತಿ. ಅತ್ತೆ ಬಂದಿದ್ದಾರೆ."

"ಹೈಸ್ಕೂಲು ಮುಗಿಯುವ ತನಕ ನನ್ನ ಮೀನು ತಿಂದು, ನನಗೆ ನಿನ್ನ ಮೊಸರನ್ನ ತಿನ್ನಿಸಿದವಳು ನೀನು. ಈಗ ಎಂಥ ಹೆದರಿಕೆ?"

"ಮನೆಯಲ್ಲಿ ದೇವರ ನೈವೇದ್ಯ ಮಾಡುವವಳು ನಾನು. ಗೊತ್ತಾದ್ರೆ ನಾಳೆಯಿಂದ ಒಲೆ ಮುಟ್ಟಲಿಕ್ಕೆ ಬಿಡುವುದಿಲ್ಲ ಅವರು."

"ಯಾರು ಹೇಳ್ತಾರೆ ಅವರಿಗೆ?"

ಅತ್ತೆ ಹಿಂದೆಯೇ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ ತಿಳಿಯಲಿಲ್ಲ. ಶ್ರೀಲತಾ ಡಬ್ಬಿಯ ಮೇಲೆ ಸೆರಗು ಎಳೆದಳು. ಅತ್ತೆ ಎದುರಿನ ಕುರ್ಚಿಯಲ್ಲಿ ಕುಳಿತು ಜಲಜಾಕ್ಷಿಯ ಮುಖವನ್ನೇ ನೋಡಿದರು.

"ನೀನು ಕಲ್ಯಾಣಿಯ ಮಗಳಲ್ವಾ?"

"ಹೌದಮ್ಮ. ನಿಮಗೆ ಗೊತ್ತುಂಟಾ ಅಮ್ಮನನ್ನು?"

"ಇದೇ ಶಾಲೆ, ಒಂದೇ ಬೆಂಚು."

ವೇದಿಕೆಯ ಮೇಲೆ ಯಾರೋ ಮೈಕು ತಟ್ಟಿ ನೋಡುತ್ತಿದ್ದರು. ಶ್ರೀಲತಾ ತಲೆ ಎತ್ತಲಿಲ್ಲ. ಅತ್ತೆ ಕೈ ಚಾಚಿ, ಸೊಸೆಯ ಸೆರಗನ್ನು ಎರಡು ಬೆರಳಿನಿಂದ ಸರಿಸಿ, ಡಬ್ಬಿಯೊಳಗೆ ಇಣುಕಿದರು.

"ಮೆಣಸು ಕಮ್ಮಿಯಾಯ್ತು ಮಗಾ. ನನಗೆ ನಿನ್ನಮ್ಮ ತರ್ತಿದ್ದದ್ದು ಇದಕ್ಕಿಂತ ಕೆಂಪಿತ್ತು."