ಒಂಬತ್ತು ಹೆಬ್ಬೆಟ್ಟು

ತೀರಿಹೋದ ಒಂಬತ್ತು ಹೆಂಗಸರ ಹೆಸರಲ್ಲಿ ಯಾರೋ ಹೆಬ್ಬೆಟ್ಟು ಒತ್ತಿ ಮಹಿಳಾ ಸಂಘದಿಂದ ಸಾಲ ಎತ್ತಿದ್ದರು. ಪತ್ತೇದಾರಿ ಕಾದಂಬರಿ ಓದಿಕೊಂಡೇ ಬೆಳೆದ ಕಸ್ತೂರಿ, ಕಳ್ಳಿಯನ್ನು ತಾನೇ ಹಿಡಿಯುತ್ತೇನೆಂದು ಹಟ ತೊಟ್ಟಳು. ಸಂಘದ ಸಭೆಯಲ್ಲಿ ಎದ್ದು ನಿಂತು, “ನಾಳೆ ಮುಂಜಾನೆ ಎಲ್ಲಾರೂ ಬರ್ರಿ. ಹೆಬ್ಬೆಟ್ಟು ತಾಳೆ ನೋಡೂದೈತಿ” ಎಂದಳು.

ಮರುದಿನ ನಸುಕಿನಲ್ಲೇ ಕಚೇರಿಗೆ ಬಂದವಳನ್ನು ಅಧ್ಯಕ್ಷೆ ಮೆಲ್ಲಗೆ ಕೇಳಿದರು. “ಆ ಸಾಲದ ಅರ್ಜಿಗಳೊಳಗ ಇರೂದು ಬರೇ ಮಸಿ ಕಲೆ. ಏನು ತಾಳೆ ನೋಡ್ತಿ?”

“ಏನೂ ಇಲ್ರಿ ಅಕ್ಕಾರ. ತಪ್ಪು ಮಾಡಿದಾಕಿ ಹೆದರಿ ಬೆರಳಿಗೆ ಏನಾರ ಮಾಡ್ಕೊಂಡು ಬರ್ತಾಳ. ಅಂಥಾಕಿ ಒಳಗ ಬಂದ ಕೂಡಲೇ ಬಾಗಿಲು ಹಾಕಿಬಿಡ್ರಿ. ಯಾರರ ಇರ್ಲಿ, ಬಿಡಬ್ಯಾಡ್ರಿ.”

ಹೆಂಗಸರು ಸಾಲಾಗಿ ಬಂದರು. “ಸಗಣಿ ಬಳಿದ ಕೈ, ತೊಳಕೊಂಡು ಬಂದೀನಿ ನೋಡವಾ ಪೊಲೀಸಮ್ಮಾ!” ಎಂದು ಒಬ್ಬಳು ಬೆರಳು ಎತ್ತಿ ತೋರಿಸಿ ಎಲ್ಲರನ್ನೂ ನಗಿಸಿದಳು. ಯಾರ ಬೆರಳಲ್ಲೂ ಏನೂ ಇರಲಿಲ್ಲ.

ಕಟ್ಟಕಡೆಗೆ ಕಸ್ತೂರಿಯ ಅವ್ವ ಬಂದಳು. ಒಂದು ಕೈಯಲ್ಲಿ ಬುತ್ತಿ ಇತ್ತು, ಇನ್ನೊಂದು ಸೆರಗಿನೊಳಗಿತ್ತು.

“ನಿನಗ ರೊಟ್ಟಿ ಬೇಯಸೂಮುಂದ ಹಂಚು ತಾಗಿತವಾ. ಹೆಬ್ಬೆಟ್ಟು ಪೂರಾ ಸುಟ್ಟೈತಿ.”

ಅಧ್ಯಕ್ಷೆ ಬಾಗಿಲು ಹಾಕಿದರು.