ಚಿಲಕ ಹಾಕಿದ ಕೋಣೆಯ ಖೂನಿ

ಲೋಬಾನದ ಹೊಗೆ ಮೂಗಿಗೆ ಬಡಿದರೆ ಈಗಲೂ ನಾನು ಕೊಟ್ಟೂರಿನ ನಮ್ಮ ಮನೆಯ ಬಾಣಂತಿ ಕೋಣೆಯಲ್ಲೇ ಕೂತಿರುತ್ತೇನೆ. ಯಾರಿಗಾದರೂ ಪತ್ತೇದಾರಿ ಕಾದಂಬರಿ ಕೊಡುವ ಮುಂಚೆ ಅದರ ಕೊನೆಯನ್ನು ನೀವು ಓದಿರಬೇಕು, ನನ್ನ ಮಾತು ಕೇಳಿ.

ಅಕ್ಕನ ಬಾಣಂತನ ಮುಗಿಯುತ್ತ ಬಂದಿತ್ತು. ಮರುದಿನ ಹೊಳಲಿನಿಂದ ಅವಳ ಅತ್ತೆ ಕರೆದೊಯ್ಯಲು ಬರುವವರಿದ್ದರು. ಆ ಮನೆಯಲ್ಲಿ ಅವಳು ಪುಸ್ತಕ ಮುಟ್ಟುವಂತಿರಲಿಲ್ಲ. ಇಲ್ಲಿಯೂ ಕಣ್ಣು ಕೆಡುತ್ತವೆಂದು ಅಜ್ಜಿ ಓದಗೊಡುತ್ತಿರಲಿಲ್ಲ. ಹಾಗಾಗಿ ಬಸ್ ಸ್ಟ್ಯಾಂಡಿನ ಬಾಡಿಗೆ ಅಂಗಡಿಯಿಂದ ಪುಸ್ತಕ ಆರಿಸಿ ತರುವವಳೂ ನಾನೇ, ಓದಿ ಹೇಳುವವಳೂ ನಾನೇ. ಅಕ್ಕ ತಲೆಗೆ ಬಿಗಿದ ಬಟ್ಟೆ ಸರಿಸಿ, ಒಂದು ಕಿವಿಯ ಹತ್ತಿ ತೆಗೆದು ಕೇಳುತ್ತಿದ್ದಳು.

"ಕೊಂದಾವ ಯಾರರ ಆಗ್ಲಿ. ಒಳಗ ಚಿಲಕ ಹಾಕಿದ ಖೋಲಿಯಿಂದ ಅವ ಹೆಂಗ ಪಾರಾದ, ಅದನ್ನ ಓದು," ಅಂದಳು, ಅವತ್ತಿನ ಪುಸ್ತಕ ಮುಗಿಯುತ್ತ ಬಂದಾಗ.

ಅಷ್ಟರಲ್ಲಿ ಅಜ್ಜಿ ಬಂದಳು. "ಖೂನಿ ಕಥಿ ಕೇಳಿದ್ರ ಬಾಣಂತಿ ಹಾಲು ಬತ್ತಿಹೋಗ್ತಾವ. ಮುಚ್ಚು ಅದನ್ನ!"

"ಎರಡ ಹಾಳಿ ಉಳ್ದಾವಬೇ. ಆಮ್ಯಾಲ ಸಂಜಿತನಕ ತೊಟ್ಟಿಲ ನಾನ ತೂಗ್ತೀನಿ," ಎಂದು ಚೌಕಾಸಿಗೆ ಇಳಿದೆ. ಕೂಸಿನ ಬಟ್ಟೆ ಒಗೆಯುವುದನ್ನೂ ಸೇರಿಸಿದ ಮೇಲೆ ಅಜ್ಜಿ ಒಪ್ಪಿದಳು.

ಓದಿದೆ. ಕೊಲೆಗಾರ ಹೊರಗೆ ಹೋಗಿರಲೇ ಇಲ್ಲ. ಬಾಗಿಲ ಹಿಂದೆ ನಿಂತಿದ್ದ. ಜನ ಬಾಗಿಲು ಮುರಿದು ನುಗ್ಗಿದಾಗ ಅವರಲ್ಲೊಬ್ಬನಾಗಿ ಬೆರೆತುಬಿಟ್ಟಿದ್ದ.

ಅಕ್ಕ ಸ್ವಲ್ಪ ಹೊತ್ತು ನಮ್ಮ ಕೋಣೆಯ ಬಾಗಿಲನ್ನೇ ನೋಡಿದಳು. "ಅಂದ್ರ, ಹೊರಗಿನವ್ರು ಬಂದು ಮುರಿಯೋತನಕ ಅವನೂ ಅಲ್ಲೇ ನಿಂತಿದ್ನೇನು?"

"ಹೂಂ."

ಅವಳು ಹತ್ತಿಯನ್ನು ಮತ್ತೆ ಕಿವಿಗೆ ತುಂಬಿಕೊಂಡು, ಬಟ್ಟೆ ಕಟ್ಟಿಸಿಕೊಳ್ಳಲು ಅಜ್ಜಿಯ ಮುಂದೆ ತಲೆ ಬಗ್ಗಿಸಿದಳು.