ಫಕೀರವ್ವ ಇದ್ದ ಮನೆ

ಆನ್‌ಲೈನ್ ಧಾರಾವಾಹಿಗಳ ಪಾತ್ರಗಳು ಓದುಗರ ಮನೆಗೆ ಬಂದು ನೆಲೆಸತೊಡಗಿದಾಗಿನಿಂದ, ತನ್ನದೇ ಜಾಲತಾಣದಲ್ಲಿ ಬರೆಯುವ ಹುಬ್ಬಳ್ಳಿಯ ವಾರಿಜಾಗೆ ಫೋನು ತಪ್ಪಿದ್ದಿಲ್ಲ. ಅವಳ ಕಥೆ ಓದಿದ ಮನೆಗೆಲ್ಲ ಒಬ್ಬೊಬ್ಬ ಫಕೀರವ್ವ ಬಂದಿದ್ದಳು. “ನಿಮ್ಮ ಫಕೀರವ್ವ ರೊಟ್ಟಿ ತಾನ ಬಡೀತಾಳ, ನನಗ ಹಿಟ್ಟು ಮುಟ್ಟಗೊಡವಲ್ಲಳ್ರಿ” ಎಂಬಂಥ ದೂರುಗಳೇ ಹೆಚ್ಚು.

ನಿನ್ನೆ ಹಾಕಿದ ಕೊನೆಯ ಕಂತಿನಲ್ಲಿ ಫಕೀರವ್ವ ಸಾಯುತ್ತಾಳೆ. ಸಾವಿನ ಸುದ್ದಿ ಮುಟ್ಟಿದ ಮನೆಯಲ್ಲಿ ಪಾತ್ರ ಉಳಿಯುವುದಿಲ್ಲ. ಕಥೆಗೊಂದು ಗಟ್ಟಿ ಮುಕ್ತಾಯ ಇರಲೆಂದು ಹಾಗೆ ಬರೆದ ವಾರಿಜಾ, ಬೆಳಗಿನಿಂದ ಓದುಗರ ಅಳು, ಬೈಗುಳ ಕೇಳಿ ಕೈ ಕೈ ಹಿಸುಕಿಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಗದಗಿನ ನೀಲಮ್ಮನ ಕರೆ ಬಂತು. ಮೊದಲ ಕಂತಿನಿಂದಲೂ ಓದುತ್ತಿದ್ದ ಹೆಂಗಸು. ಅವಳು ಬಾಯಿ ತೆರೆಯುವ ಮೊದಲೇ ವಾರಿಜಾ, “ಕ್ಷಮಿಸ್ರಿ ನೀಲಮ್ಮಾರ. ಫಕೀರವ್ವನ್ನ ಸಾಯಿಸಬಾರದಿತ್ತು ನಾ. ತಪ್ಪಾತು” ಎಂದುಬಿಟ್ಟಳು.

ಫೋನಿನ ಆಚೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಅದು ಥಟ್ಟನೆ ನಿಂತಿತು.

“ನಾ ಕೊನೀ ಕಂತು ಓದಿದ್ದಿಲ್ರಿ ಅಕ್ಕಾರ,” ಎಂದಳು ನೀಲಮ್ಮ. “ಹಿಂಗ ಏನರೆ ಆಗ್ತೈತಿ ಅಂತ ಅಂಜಿಕಿ ಇತ್ತು. ನಾ ಅದನ್ನ ಓದೂದಿಲ್ಲ, ನೀವು ಬ್ಯಾಸರ ಮಾಡ್ಕೋಬ್ಯಾಡ್ರಿ ಅಂತ ಹೇಳಾಕ ಫೋನ್ ಹಚ್ಚಿದ್ದೆ.”

“ಅಯ್ಯೋ ನೀಲಮ್ಮಾರ…” ಎಂದಳು ವಾರಿಜಾ.

“ಇಡ್ತೀನ್ರಿ. ಹಂಚಿನ ಮ್ಯಾಲಿನ ರೊಟ್ಟಿ ಹಂಗ ಬಿಟ್ಟು ಹೋಗ್ಯಾಳ. ಹೊತ್ತಾಕ ಹತ್ತೈತಿ.”